ನೀರಿನ ಜಾಡು ಹಿಡಿದು

ಮರೋಳದ ನಮ್ಮ ಮುತ್ಯಾನ ಕೈ ಚಹದ ಬಟ್ಟಲು ಹಿಡಿದೊಡನೆ ನಡುಗುತ್ತದೆ. ಇಂಥ ನಡುಕ ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರವೈದ್ಯರು ಮೆದುಳಿನ ನಡುವಿನ ಥಲಾಮಸ್ಸಿನಲ್ಲಿ ಕೆಲವೇ ಮಿಲಿಮೀಟರಿನ ಒಂದು ಉಪಭಾಗವನ್ನು ಗುರಿಯಾಗಿಸುವುದುಂಟು. ತೊಡಕಿರುವುದು ಇಲ್ಲಿಯೇ. ಸಾಮಾನ್ಯ ಎಂ.ಆರ್.ಐ. ಚಿತ್ರದಲ್ಲಿ ಥಲಾಮಸ್ಸು ಹೆಚ್ಚುಕಡಿಮೆ ಒಂದೇ ಬೂದುಬಣ್ಣದ ಉಂಡೆ. ಒಳಗಿನ ಬದುಗಳು ಕಾಣವು.

ಡಿಫ್ಯೂಷನ್ ಎಂ.ಆರ್.ಐ. ನೀರಿನ ಮೊರೆಹೊಗುತ್ತದೆ. ಮೆದುಳಿನ ನೀರಿನ ಅಣುಗಳು ಸದಾ ಅಲೆದಾಡುತ್ತಿರುತ್ತವೆ. ನರತಂತುಗಳ ಉದ್ದಕ್ಕೆ ಸುಲಭವಾಗಿ, ಅಡ್ಡಕ್ಕೆ ಕಷ್ಟದಿಂದ. ಮಳೆನೀರು ಸಾಲು ಹಿಡಿದು ಹರಿಯುವುದನ್ನು ಕಂಡು ಗಳೆ ಹೋದ ದಿಕ್ಕನ್ನು ತಿಳಿಯುವೆವಲ್ಲವೆ? ಹಾಗೆಯೇ ಇದು. 2003ರಲ್ಲಿ ಆಕ್ಸ್‌ಫರ್ಡಿನ ಬೆಹ್ರೆನ್ಸ್ ಮತ್ತು ಸಂಗಡಿಗರು ಥಲಾಮಸ್ಸಿನ ಒಂದೊಂದು ಬಿಂದುವಿನಿಂದ ಹೊರಟು, ಅದು ಮೆದುಳಿನ ಹೊರಪದರದ ಯಾವ ಭಾಗವನ್ನು ಹೆಚ್ಚಾಗಿ ಮುಟ್ಟುವುದೆಂದು ಗಣಿಸಿ, ಅದರಂತೆ ಥಲಾಮಸ್ಸನ್ನು ವಿಂಗಡಿಸಿದರು.

ಇದನ್ನು ಕೇಳಿದ ಮುತ್ಯಾ, “ಉದ್ದ ಅಡ್ಡ ಎರಡೂ ಗಳೆ ಹೊಡದ ಹೊಲದಾಗ ಹೆಂಗ ಗುರ್ತ ಹಿಡೀತಾರಪಾ?” ಎಂದ. ಪುಸ್ತಕ ಓದಿದ ನಾನು ಕೇಳಬೇಕಾಗಿದ್ದ ಪ್ರಶ್ನೆ! ತಂತುಗಳು ಒಂದನ್ನೊಂದು ದಾಟುವಲ್ಲಿ ಗಣಿತ ದಾರಿ ತಪ್ಪುವುದು ನಿಜ. ಬಣ್ಣಬಣ್ಣದ ಆ ಚಿತ್ರದಲ್ಲಿ ಕಾಣುವ ಎಳೆ ನರವಲ್ಲ, ನೀರಿನ ಚಲನೆಯಿಂದ ಕಟ್ಟಿದ ಊಹೆ. ಆದುದರಿಂದ ಅದನ್ನು ಕೊಯ್ದು ನೋಡಿದ ಮೆದುಳಿನೊಡನೆ ತಾಳೆನೋಡಬೇಕಾಗುತ್ತದೆ. ದಾನವಾಗಿ ಬಂದ ಮೆದುಳುಗಳನ್ನು ಅಧ್ಯಯನಕ್ಕೆಂದು ಕಾಯ್ದಿಡುವ ಭಂಡಾರವೊಂದು ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೇ ಇದೆ.