ಗುಮ್ಮ, ಅಜ್ಜಿ ಮತ್ತು ಗಣಿಯ ಕತ್ತಲೆ: ಮಕ್ಕಳ ಅದ್ಭುತ ಕಥೆಗಳಲ್ಲಿ ಭಯ ಹಾಗೂ ಅಗಲಿಕೆ

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ನೀತಿ, ಭಾಷೆಯ ಸರಳತೆ ಮತ್ತು ಪ್ರಾಸದ ಸೊಗಸನ್ನು ಸುತ್ತಿಕೊಂಡೇ ಬೆಳೆದಿವೆ. ಕಥೆಯು ಮಗುವಿನ ಭಯದೊಡನೆ ಹೇಗೆ ವ್ಯವಹರಿಸುತ್ತದೆ, ಮನೆಯ ಹಿರಿಯ ಜೀವವೊಂದು ಇಲ್ಲವಾದಾಗ ಆ ಮಗುವಿಗೆ ಏನನ್ನು ಕೊಡುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ದೊರೆತ ಸ್ಥಾನ ಕಡಿಮೆ. ಈ ಎರಡು ಪ್ರಶ್ನೆಗಳು ಪರಸ್ಪರ ಸಂಬಂಧವಿಲ್ಲದವುಗಳಂತೆ ಮೇಲ್ನೋಟಕ್ಕೆ ಕಂಡರೂ ವಾಸ್ತವದಲ್ಲಿ ಒಂದೇ ಪ್ರಶ್ನೆಯ ಎರಡು ಮುಖಗಳು. ಇದನ್ನು ಕೋಲಾರ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಂತಹ ಊರಿನ ಕಡೆಯಿಂದ ನೋಡಿದಾಗ ಅವುಗಳ ನಂಟು ಹೆಚ್ಚು ಸ್ಪಷ್ಟವಾಗುತ್ತದೆ. ಕತ್ತಲೆಯೇ ಜೀವನೋಪಾಯವಾಗಿದ್ದ, ಅಜ್ಜಂದಿರು ನೆಲದಡಿಯ ಲೋಕವೊಂದರಿಂದ ದಿನವೂ ಮರಳಿ ಬರಬೇಕಾಗಿದ್ದ ಊರು ಅದು.

ಮೊದಲಿಗೆ ಗುಮ್ಮನ ವಿಚಾರ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆ ಕನ್ನಡಿಗರಿಗೆಲ್ಲ ಪರಿಚಿತ. ಲೋಕರಕ್ಷಕನೆನಿಸಿದ ದೇವರೇ ಗುಮ್ಮನಿಗೆ ಹೆದರುತ್ತಾನೆಂಬುದು ಅಲ್ಲಿನ ಸೊಗಸು. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ಗುಮ್ಮನು ತಾನಾಗಿ ಬರುವವನಲ್ಲ. ಅವನನ್ನು ಹಿರಿಯರು ಕರೆಯಬೇಕು. ಕರೆಯುವ ಬಾಯಿಯೂ ಬೇಡವೆಂದಾಗ ಅಪ್ಪಿಕೊಳ್ಳುವ ತೋಳೂ ಒಬ್ಬರವೇ. ಮನೆಯಲ್ಲಿ ಈ ಅಧಿಕಾರ ಸಾಮಾನ್ಯವಾಗಿ ಅಜ್ಜಿಯದು. ಕೋಲಾರ ಸೀಮೆಯಲ್ಲಿ ಇದೇ ಗುಮ್ಮ ತೆಲುಗು ಮನೆಯಲ್ಲಿ ಬೂಚಾಡು, ತಮಿಳು ಮನೆಯಲ್ಲಿ ಪೂಚ್ಚಾಂಡಿ. ಹೆಸರು ಬದಲಾದರೂ ವ್ಯವಸ್ಥೆ ಬದಲಾಗುವುದಿಲ್ಲ: ಭಯವನ್ನು ಹೆಸರಿಸುವವಳೇ ಅದಕ್ಕೆ ಎಲ್ಲೆಯನ್ನೂ ಹಾಕುತ್ತಾಳೆ. ಹೀಗಿರುವಾಗ ಅಜ್ಜಿ ತೀರಿಕೊಂಡರೆ ಮಗುವಿನ ಪಾಲಿಗೆ ಎರಡು ನಷ್ಟಗಳು ಒಟ್ಟಿಗೇ ಸಂಭವಿಸುತ್ತವೆ. ಪ್ರೀತಿಯ ವ್ಯಕ್ತಿ ಇಲ್ಲವಾಗುವುದರ ಜೊತೆಗೆ, ಗುಮ್ಮನನ್ನು ಹಿಂದಕ್ಕೆ ಕಳುಹಿಸುವ ಮಂತ್ರ ಬಲ್ಲವರೂ ಇಲ್ಲವಾಗುತ್ತಾರೆ. ಮಕ್ಕಳು ಸಾವಿನ ಮನೆಯಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ರಾತ್ರಿ ಕತ್ತಲಿಗೆ ಹೆದರುವುದನ್ನು ಹಿರಿಯರು ‘ಮಗುವಿಗೆ ಇನ್ನೂ ತಿಳಿವಳಿಕೆಯಿಲ್ಲ’ ಎಂದು ಅರ್ಥೈಸುವುದುಂಟು. ಆ ಅರ್ಥೈಸುವಿಕೆ ಸರಿಯೆನಿಸುವುದಿಲ್ಲ. ಹೆದರಿಕೆಯೇ ಅಲ್ಲಿ ಶೋಕದ ಭಾಷೆ.

ಜನಪದ ಅದ್ಭುತ ಕಥೆಗಳು ಈ ಸಮಸ್ಯೆಯನ್ನು ಜಾಣತನದಿಂದ ದಾಟುತ್ತವೆ. ಮನೆ ಬಿಟ್ಟ ರಾಜಕುಮಾರ ಊರಂಚಿನ ಅಡಗೂಲಜ್ಜಿಯ ಮನೆಗೆ ಬರುತ್ತಾನೆ. ಅವಳು ಉಣಬಡಿಸುತ್ತಾಳೆ, ಊರನ್ನು ಕಾಡುವ ರಾಕ್ಷಸನ ಗುಟ್ಟು ಹೇಳುತ್ತಾಳೆ. ಈ ಅಜ್ಜಿಗೆ ಹೆಸರಿಲ್ಲ, ವಯಸ್ಸಿಲ್ಲ, ಸಾವೂ ಇಲ್ಲ. ಒಂದು ಕಥೆ ಮುಗಿದರೆ ಇನ್ನೊಂದು ಕಥೆಯ ಊರಂಚಿನಲ್ಲಿ ಅವಳು ಮತ್ತೆ ಒಲೆ ಹಚ್ಚಿರುತ್ತಾಳೆ. ಸಾಯುವವನು ರಾಕ್ಷಸ. ಅವನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದೆ. ಗಿಳಿಯ ಕತ್ತು ಮುರಿದರೆ ಭಯವೂ ಮುಗಿಯಿತು. ಪ್ರಾಣವನ್ನು ದೇಹದಿಂದ ಹೊರಗೆ ಭದ್ರವಾಗಿಡಬಹುದೆಂಬ ಈ ಕಲ್ಪನೆ ಮಗುವಿಗೆ ಬಹಳ ಪ್ರಿಯವಾದುದು. ವಿಪರ್ಯಾಸವೆಂದರೆ ಕಥೆಗಳು ಆ ಸೌಲಭ್ಯವನ್ನು ರಾಕ್ಷಸನಿಗೆ ಕೊಟ್ಟಿವೆಯೇ ಹೊರತು ಅಜ್ಜಿಗೆ ಕೊಟ್ಟಿಲ್ಲ.

ಗೋವಿನ ಹಾಡಿನಲ್ಲಿ ವಿಷಯ ಇನ್ನೂ ತೀಕ್ಷ್ಣವಾಗಿದೆ. ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ಕುರಿತು ಪಠ್ಯಪುಸ್ತಕಗಳು ಸಾಕಷ್ಟು ಹೇಳಿವೆ. ಆದರೆ ತರಗತಿಯಲ್ಲಿ ಕುಳಿತ ಮಗು ಆ ಹಾಡನ್ನು ಕೇಳುವುದು ಹಸುವಿನ ಸ್ಥಾನದಿಂದಲ್ಲ, ಕರುವಿನ ಸ್ಥಾನದಿಂದ. ನಾಳೆ ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಕರುವಿನ ಪ್ರಶ್ನೆ. ತಾಯಿ ತನ್ನ ಒಡಹುಟ್ಟಿನಂತಹ ಹಸುಗಳಿಗೆ ಕರುವನ್ನು ಒಪ್ಪಿಸುವ ಭಾಗವೇ ಹಾಡಿನ ಅತ್ಯಂತ ದುಃಖದ ಭಾಗ. ಸಾವಿಗೆ ಮುನ್ನ ಮಗುವಿಗೆ ನಿಜ ಹೇಳಿ, ಮುಂದಿನ ಏರ್ಪಾಡನ್ನೂ ಮಾಡಿ ಹೋಗುವ ಹಿರಿಯಳ ಚಿತ್ರ ಅದು. ಕೊನೆಗೆ ಪ್ರಾಣ ಬಿಡುವುದು ಹುಲಿ; ತಾಯಿ ಹಿಂದಿರುಗುತ್ತಾಳೆ. ಕಥೆಯು ಸಾವನ್ನು ಬಾಗಿಲವರೆಗೆ ಕರೆತಂದು ಅಲ್ಲಿಂದ ಬೇರೆ ಕಡೆಗೆ ತಿರುಗಿಸುತ್ತದೆ. ಹಾಗಿದ್ದರೂ ಬೀಳ್ಕೊಡುಗೆ ಪೂರ್ಣವಾಗಿ ನಡೆದೇ ಹೋಗಿರುತ್ತದೆ ಎಂಬುದನ್ನು ಮರೆಯಲಾಗದು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ರಾಬರ್ಟ್ ಬ್ರೌನಿಂಗನ 1842ರ ಕವನ ಆಧಾರವೆಂಬುದು ಸುಪರಿಚಿತ. ಜೋಗಿಯ ಹಿಂದೆ ಹೋದ ಮಕ್ಕಳನ್ನು ಬೆಟ್ಟವು ಬಾಯ್ತೆರೆದು ಒಳಗೆ ಸೇರಿಸಿಕೊಳ್ಳುತ್ತದೆ; ಓಡಲಾರದ ಕುಂಟ ಹುಡುಗನೊಬ್ಬ ಹೊರಗೆ ಉಳಿಯುತ್ತಾನೆ. ಮಲೆನಾಡಿನ ಓದುಗನಿಗೆ ಇದು ಮಾಟಗಾರಿಕೆಯ ಸೊಬಗು. ರಾಬರ್ಟ್‌ಸನ್‌ಪೇಟೆಯ ಮಗುವಿಗೆ ಇದೇ ಚಿತ್ರ ಬೇರೆಯಾಗಿ ಕಂಡೀತು. ಅಲ್ಲಿ ನೆಲವು ಬಾಯ್ತೆರೆದು ಜನರನ್ನು ಒಳಗೆ ಕರೆದುಕೊಳ್ಳುವುದು ದಿನನಿತ್ಯದ ಸಂಗತಿಯಾಗಿತ್ತು, ಪಾಳಿಗೊಮ್ಮೆ ನಡೆಯುತ್ತಿತ್ತು. 1880ರ ದಶಕದಿಂದ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡ ತಾಳಲಾರದೆ ಬಂಡೆಗಳು ಸಿಡಿಯುತ್ತಿದ್ದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಾಗ, ಬೆಂಗಳೂರಿಗಿಂತ ಮೊದಲೇ ಬೆಳಕು ಕಂಡ ಊರಾಯಿತು ಇದು. ಮೇಲೆ ಅಂತಹ ಬೆಳಕು, ಕೆಳಗೆ ಅಂತಹ ಕತ್ತಲೆ. 1965ರಲ್ಲಿ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಕೆಳಗಿನ ಇದೇ ಕತ್ತಲೆಯಲ್ಲಿ ಉಪಕರಣಗಳನ್ನಿರಿಸಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಅದ್ಭುತ ಕಥೆಗಾರರು ಇಂತಹದನ್ನು ಕಲ್ಪಿಸಿದ್ದರೆ ವಿಮರ್ಶಕರು ಅತಿರಂಜಿತವೆಂದು ತಳ್ಳಿಹಾಕುತ್ತಿದ್ದರೇನೋ!

ಈ ಊರಿನ ಮಕ್ಕಳ ಓದಿನ ಸಂದರ್ಭದಲ್ಲಿ ‘ಚಂದಮಾಮ’ವನ್ನು ವಿಶೇಷವಾಗಿ ನೆನೆಯಬೇಕು. 1947ರಲ್ಲಿ ತೆಲುಗಿನಲ್ಲಿ ಅದೇ ಹೆಸರಿನಿಂದಲೂ ತಮಿಳಿನಲ್ಲಿ ‘ಅಂಬುಲಿಮಾಮ’ ಎಂದೂ ಆರಂಭವಾದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಬಾಳುವ ಗಣಿ ಪ್ರದೇಶಕ್ಕೆ, ಒಂದೇ ಕಥೆ ಒಂದೇ ಚಿತ್ರದೊಡನೆ ಮೂರು ಲಿಪಿಗಳಲ್ಲಿ ದೊರೆಯುವಂತಹ ಪತ್ರಿಕೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿನ ಬೇತಾಳ ಕಥೆಗಳ ಶೀರ್ಷಿಕೆಚಿತ್ರವನ್ನು ಮರೆತ ಓದುಗರು ವಿರಳ: ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ, ಸುತ್ತ ಸ್ಮಶಾನ. ಈ ಚಿತ್ರವನ್ನು ರೂಪಿಸಿದ ಶಂಕರ್ (ಕೆ. ಸಿ. ಶಿವಶಂಕರನ್) 2020ರಲ್ಲಿ ನಿಧನರಾದರು. ಮಕ್ಕಳ ಪತ್ರಿಕೆಯಲ್ಲಿ ಹೆಣ ಹೊತ್ತ ದೊರೆಯ ಚಿತ್ರವಿರುವುದು ಅನುಚಿತವೆಂದು ಇಂದಿನ ಶಿಕ್ಷಣತಜ್ಞರು ಹೇಳಬಹುದು. ಆದರೆ ಮಕ್ಕಳು ಅದರಿಂದ ಓಡಿಹೋಗಲಿಲ್ಲ, ಪ್ರತಿ ತಿಂಗಳೂ ಅದೇ ಪುಟವನ್ನು ಹುಡುಕಿ ತೆರೆದರು. ಕಾರಣವನ್ನು ಕಥೆಯ ಚೌಕಟ್ಟಿನಲ್ಲೇ ಕಾಣಬಹುದು. ಸೋಮದೇವನ ‘ಕಥಾಸರಿತ್ಸಾಗರ’ದಿಂದ ಬಂದ ಈ ಚೌಕಟ್ಟಿನಲ್ಲಿ ಸತ್ತವನು ಹೊರೆಯಾಗಿದ್ದಾನೆ, ಭಯಂಕರನಾಗಿದ್ದಾನೆ, ಆದರೆ ದಾರಿಯ ಆಯಾಸ ಕಳೆಯಲು ಕಥೆ ಹೇಳುವವನೂ ಅವನೇ. ಹೊತ್ತು ನಡೆಯುವವನು ಉತ್ತರ ತಿಳಿದೂ ಸುಮ್ಮನಿರುವಂತಿಲ್ಲ. ಮಾತನಾಡಿದೊಡನೆ ಹೊರೆ ಮರಕ್ಕೆ ಮರಳುತ್ತದೆ, ಮತ್ತೆ ಹೊರಬೇಕಾಗುತ್ತದೆ. ಅಗಲಿದವರ ನೆನಪಿನೊಡನೆ ಬದುಕುವ ರೀತಿಗೆ ಇದಕ್ಕಿಂತ ನಿಖರವಾದ ರೂಪಕವನ್ನು ಮಕ್ಕಳ ಸಾಹಿತ್ಯದಲ್ಲಿ ಕಾಣುವುದು ಕಷ್ಟ.

ಆಧುನಿಕ ಕಾಲದಲ್ಲಿ ಕಥೆ ಹೇಳುವ ಅಜ್ಜಿಯ ಸ್ಥಾನವನ್ನು ಮುದ್ರಿತ ಪುಸ್ತಕ ವಹಿಸಿಕೊಂಡಿತು. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಕಥೆಯನ್ನು ಒದಗಿಸಿದಾಗ, ಅಜ್ಜಿಯಿಲ್ಲದ ಮನೆಯ ತಾಯಿಗೂ ಒಂದು ಆಸರೆ ದೊರೆಯಿತು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದುದು, ಹಿರಿಯರು ಬಾಳಿದ ನೆಲವೇ ಇಲ್ಲವಾಗುವ ಸಂಗತಿ ಮಕ್ಕಳ ಸಾಹಿತ್ಯದ ವಸ್ತುವಾಗಬಲ್ಲದೆಂಬುದಕ್ಕೆ ದೊರೆತ ಮನ್ನಣೆಯೂ ಹೌದು. ಆದರೆ ಅಜ್ಜನೋ ಅಜ್ಜಿಯೋ ಸಾಯುವುದನ್ನು ನೇರವಾಗಿ ಎದುರಿಸುವ ಅದ್ಭುತ ಕಥನ ಕನ್ನಡದಲ್ಲಿ ವಿರಳ. ಪಾಶ್ಚಾತ್ಯರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಸಹೋದರರಿಬ್ಬರ ಸಾವನ್ನು ಕುರಿತು 1973ರಲ್ಲೇ ಮಕ್ಕಳಿಗಾಗಿ ಕಾದಂಬರಿ ಬರೆದರು. ರೋಲ್ಡ್ ಡಾಲ್‌ನ 1983ರ ‘ದಿ ವಿಚಸ್’ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರದ್ದು. ತಂದೆತಾಯಿಗಳನ್ನು ಕಳೆದುಕೊಂಡ ಬಾಲಕನಿಗೆ ಅಜ್ಜಿಯೇ ಆಸರೆ. ಮಾಟಗಾತಿಯರು ಅವನನ್ನು ಇಲಿಯಾಗಿಸುತ್ತಾರೆ. ಇಲಿಯಾಗಿ ತಾನು ಹೆಚ್ಚೆಂದರೆ ಒಂಬತ್ತು ವರ್ಷ ಬದುಕಬಹುದೆಂದು ತಿಳಿದಾಗ ಅವನು ದುಃಖಪಡುವುದಿಲ್ಲ. 86ರ ಅಜ್ಜಿಯ ಆಯುಸ್ಸೂ ಅಷ್ಟೇ ಎಂಬುದರಲ್ಲಿ ಅವನಿಗೆ ನೆಮ್ಮದಿಯಿದೆ. ಈ ಮುಕ್ತಾಯವನ್ನು ಸಮರ್ಥಿಸುವುದು ಸುಲಭವಲ್ಲ. ಅಗಲಿಕೆಯನ್ನು ತಾಳಿಕೊಳ್ಳುವ ಬದಲು ಅದನ್ನು ಇಲ್ಲವಾಗಿಸುವ ಉಪಾಯ ಅದು. ಆದರೂ ಮಗುವಿನ ನಿಜವಾದ ಭಯ ಮಾಟಗಾತಿಯದಲ್ಲ, ಅಜ್ಜಿಯ ನಂತರದ ದಿನಗಳದು ಎಂಬುದನ್ನು ಲೇಖಕ ಕಂಡುಕೊಂಡಿದ್ದಾನೆ.

ಕನ್ನಡದ ಲೇಖಕರು ಇಂತಹ ಕಥನಕ್ಕಾಗಿ ಹೊರಗೆ ಹುಡುಕಬೇಕಾದ ಅಗತ್ಯವಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಟ್ಟು, ಅವರಿಗೆ ಇಷ್ಟವಾದ ತಿಂಡಿಗಳನ್ನೂ ಹೊಸ ಬಟ್ಟೆಯನ್ನೂ ಜೋಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವ ಪದ್ಧತಿ ಹಳೆಯ ಮೈಸೂರು ಭಾಗದ ಅನೇಕ ಮನೆಗಳಲ್ಲಿದೆ. ಒಳಗೆ ಯಾರೋ ಬಂದು ಉಣ್ಣುತ್ತಿದ್ದಾರೆಂದು ನಂಬಿ ಹೊಸ್ತಿಲಾಚೆ ನಿಂತ ಮಗುವಿನ ಮನಸ್ಸಿನಲ್ಲಿ ಭಯವೂ ಆಸೆಯೂ ಬೆರೆತಿರುತ್ತವೆ. ಬಾಗಿಲ ಸಂದಿನಿಂದ ಇಣುಕಬೇಕು, ಇಣುಕಬಾರದು. ಗುಮ್ಮನಿಗೆ ಹೆದರಿ ಮುಚ್ಚಿದ ಬಾಗಿಲೂ ತಾತನಿಗಾಗಿ ಮುಚ್ಚಿದ ಬಾಗಿಲೂ ಒಂದೇ ಆಗಿರುವ ಈ ಗಳಿಗೆಯನ್ನು ಆಚರಣೆಯು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಸಾಹಿತ್ಯವು ಅದನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ರಾಬರ್ಟ್‌ಸನ್‌ಪೇಟೆಗೆ ಸಂಬಂಧಿಸಿದಂತೆ ಈ ವಿಷಯದಲ್ಲಿ ಸ್ವಲ್ಪ ತುರ್ತೂ ಇದೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಸಯನೈಡ್ ದಿಬ್ಬಗಳು ಮಾತ್ರ ಮೇಲೆ ಉಳಿದವು. ದುಡಿಯುವ ವಯಸ್ಸಿನ ಸಾವಿರಾರು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಊರು ಇದಾದುದರಿಂದ ಮಕ್ಕಳ ಹಗಲು ಹಿರಿಯರೊಡನೆ ಕಳೆಯುವುದು ಸಹಜ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತಂದುಕೊಂಡ ಕಾರ್ಮಿಕರು ಗಣಿ ಮುಚ್ಚಿದ ಮೇಲೂ ಆ ಕಾಯಿಲೆಯಿಂದ ಬಿಡುಗಡೆ ಪಡೆಯಲಿಲ್ಲ. ಅದು ವಾಸಿಯಾಗುವ ಕಾಯಿಲೆಯಲ್ಲ. ಅಂತಹ ಮನೆಯಲ್ಲಿ ಮಲಗಿದ ಮಗುವಿಗೆ ರಾತ್ರಿ ಕೇಳುವುದು ಗುಮ್ಮನ ಸದ್ದಲ್ಲ, ತಾತನ ಕೆಮ್ಮು. ಅದು ಕೇಳಿದರೂ ಭಯ, ಕೇಳದಿದ್ದರೆ ಇನ್ನೂ ಭಯ.

2001ರ ನಂತರ ಹುಟ್ಟಿದವರು ಕೇಜು ಇಳಿಯುವುದನ್ನು ಕಂಡವರಲ್ಲ. ಅವರ ಪಾಲಿಗೆ ಮೂರು ಕಿಲೋಮೀಟರ್ ಆಳದ ಆ ಲೋಕ ತಾತನ ಬಾಯಲ್ಲಿ ಮಾತ್ರ ಇರುವಂತಹದು, ಏಳು ಸಮುದ್ರದಾಚೆಯ ನಾಡಿನಷ್ಟೇ ದೂರದ್ದು. ಆ ಬಾಯಿ ಮೌನವಾದರೆ ವ್ಯಕ್ತಿಯೊಡನೆ ಒಂದು ಭೂಗೋಳವೂ ಹೋಗುತ್ತದೆ. ಮುಳುಗಿದ ಶಾಫ್ಟಿನೊಳಗೆ ಇಳಿದು ತಾತನನ್ನು ಹುಡುಕುವ ಮೊಮ್ಮಗಳ ಕಥೆಯೊಂದನ್ನು ಇಲ್ಲಿ ಯಾರಾದರೂ ಬರೆದರೆ, ಅದು ಪಲಾಯನವೆನಿಸದೆ ದಾಖಲೆಯೂ ಆಗುತ್ತದೆ. ಭಾಷೆಯ ತೊಡಕು ಉಂಟು: ತಾತ ಹೇಳುವುದು ತಮಿಳಿನಲ್ಲಿಯೋ ತೆಲುಗಿನಲ್ಲಿಯೋ, ಮೊಮ್ಮಗಳು ಬರೆಯಬೇಕಾದುದು ಕನ್ನಡ ಶಾಲೆಯ ನೋಟ್ ಪುಸ್ತಕದಲ್ಲಿ. ಆದರೆ ಶಾಫ್ಟು, ಕೇಜು ಎಂಬ ಮಾತುಗಳು ಮೂರು ಭಾಷೆಗಳ ಮನೆಗಳಲ್ಲೂ ಒಂದೇ. ತಾತ ಎಂಬ ಮಾತೂ ಹಾಗೆಯೇ.