ಬಾಳೆಕಾಯಿ, ಕುಚಲಕ್ಕಿ ಮತ್ತು ಕರಗದ ಪಿಷ್ಟ

ಅಡಿಕೆ ಮರಗಳ ನಡುವೆ ನಾಲ್ಕು ಬಾಳೆ ಇಲ್ಲದ ತೋಟ ನಮ್ಮ ಅಂಕೋಲೆಯ ಕಡೆ ವಿರಳ. ಎಳೆಯ ಕಾಯಿಯ ತಿರುಳನ್ನು ಒಣಗಿಸಿದರೆ ಉಳಿಯುವುದರಲ್ಲಿ ಬಹುಪಾಲು ಪಿಷ್ಟವೇ. ಕಾಯಿ ಹಣ್ಣಾಗುತ್ತ ಬಂದಂತೆ ಅದೇ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆಂಬುದು ಸದಸ್ಯ ಬಾಂಧವರಿಗೆ ನಾಲಿಗೆಯಿಂದಲೇ ತಿಳಿದ ಸಂಗತಿ. ಆದರೆ ಹಸಿ ಕಾಯಿಯ ಪಿಷ್ಟದ ಹೆಚ್ಚಿನ ಪಾಲನ್ನು ನಮ್ಮ ಹೊಟ್ಟೆ ಕರಗಿಸಲಾರದು.

ಅನ್ನದ ಪಿಷ್ಟವನ್ನು ಜೊಲ್ಲಿನ ಹಾಗೂ ಮೇದೋಜೀರಕ ಗ್ರಂಥಿಯ ಕಿಣ್ವಗಳು ಒಡೆದು ಸಕ್ಕರೆ ಮಾಡುತ್ತವೆ. ಸಣ್ಣ ಕರುಳು ಅದನ್ನು ರಕ್ತಕ್ಕೆ ಸೇರಿಸುತ್ತದೆ. ಕಣಗಳು ಬಿಗಿಯಾಗಿ ಹೆಣೆದುಕೊಂಡಿದ್ದರೆ ಕಿಣ್ವಕ್ಕೆ ಒಳಹೋಗಲು ದಾರಿಯಿಲ್ಲ. ಅಂಥ ಪಿಷ್ಟ ಇದ್ದಂತೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. 1982ರಲ್ಲಿ ಇಂಗ್ಲೆಂಡಿನಲ್ಲಿ ಎಂಗ್ಲಿಸ್ಟ್ ಮತ್ತು ಸಂಗಡಿಗರು ಇದಕ್ಕೆ ‘ನಿರೋಧಕ ಪಿಷ್ಟ’ ಎಂದು ಹೆಸರಿಟ್ಟರು.

ಮುಂದಿನದು ಕೊಟ್ಟಿಗೆಯ ವಿದ್ಯೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳು ಹುಲ್ಲನ್ನು ಹುದುಗಿಸಿ ಆಮ್ಲಗಳನ್ನು ಮಾಡುತ್ತವೆ. ಹಸುವಿಗೆ ಶಕ್ತಿ ಬಹುಮಟ್ಟಿಗೆ ಅವುಗಳಿಂದಲೇ. ನಮ್ಮಲ್ಲಿ ಆ ಕೆಲಸ ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ, ನಡೆಯುತ್ತದೆ. ಅಲ್ಲಿ ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ಹುಟ್ಟುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರಿಕ್ ಆಮ್ಲವೇ ಮುಖ್ಯ ಆಹಾರ. ಜೊತೆಗೆ ಅನಿಲವೂ ಬರುತ್ತದೆ. ಕೆಲವರಲ್ಲಿ ಗೋಬರ್ ಗ್ಯಾಸಿನ ಮಿಥೇನ್ ಕೂಡ! ಆದ್ದರಿಂದ ರೂಢಿಯಿಲ್ಲದವರು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಅಡುಗೆಮನೆಯಲ್ಲಿ ಲೆಕ್ಕ ಬದಲಾಗುತ್ತದೆ. ಬೇಯಿಸಿದಾಗ ಕಣಗಳು ನೀರು ಹೀರಿ ಒಡೆಯುವುದರಿಂದ ಬಿಸಿ ಬಾಳೆಕಾಯಿ ಪಲ್ಯದಲ್ಲಿ ಈ ಪಿಷ್ಟ ಬಹಳಷ್ಟು ಕಡಿಮೆ. ಆರಿದಾಗ ಒಂದಿಷ್ಟು ಮತ್ತೆ ಗಟ್ಟಿ ಹೆಣೆದುಕೊಳ್ಳುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿದ ಕುಚಲಕ್ಕಿಯಲ್ಲಿ ಬೆಳ್ತಿಗೆ ಅಕ್ಕಿಗಿಂತ ಅದು ಸಾಮಾನ್ಯವಾಗಿ ತುಸು ಹೆಚ್ಚಿರುವುದು ಇದರಿಂದಲೇ. ತಳಿಯಿಂದ ತಳಿಗೆ ವ್ಯತ್ಯಾಸವಂತೂ ಇದ್ದೇ ಇದೆ.

ಈ ‘ತುಸು’ ಎಂಬ ಮಾತನ್ನು ಸಕ್ಕರೆ ಕಾಯಿಲೆಯುಳ್ಳ ಸದಸ್ಯರು ಗಮನಿಸಬೇಕು. ಕುಚಲಕ್ಕಿ ಗಂಜಿಯಲ್ಲೂ ತಂಗಳನ್ನದಲ್ಲೂ ಹೆಚ್ಚಿನ ಪಾಲು ಪಿಷ್ಟ ಸಕ್ಕರೆಯಾಗಿ ರಕ್ತ ಸೇರುವಂಥದ್ದೇ. ಅದನ್ನು ನಂಬಿ ಮಾತ್ರೆ ಬಿಡುವುದು ಅಪಾಯ. ಬಟ್ಟಲಿನ ಅಳತೆ ಹಿಡಿತದಲ್ಲಿರಲಿ. ಊಟವಾದ ಎರಡು ತಾಸಿಗೆ ರಕ್ತ ಪರೀಕ್ಷಿಸಿ ನೋಡಿದರೆ ನಿಮ್ಮ ದೇಹದ ಉತ್ತರ ಸಿಗುತ್ತದೆ.

ಇನ್ನೊಂದು ಮಾತು. ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆದು ವಿಷ ಬಿಡಬಹುದು. ಪುನಃ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿರಿ.