ಖಾಲಿ ಟೆಂಪೋ ತರುವ ಬೇನೆ



ಕೂಳೆ ಕಬ್ಬನ್ನು ಗಿಡ್ಡಗಾಗಿಸುವ ರೋಗವು ಕಡಿಯುವ ಕೊಯ್ತಾದ ಮೂಲಕ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವುದು ತಮಗೆ ಗೊತ್ತಿದೆ. ರೋಗವಿರುವುದು ಕೊಯ್ತಾದಲ್ಲಲ್ಲ, ಅದಕ್ಕೆ ಅಂಟಿದ ರಸದಲ್ಲಿ. ದನಕರುಗಳ ವಿಷಯದಲ್ಲಿ ಇದೇ ಕೆಲಸವನ್ನು ಅವನ್ನು ಸಾಗಿಸುವ ವಾಹನ ಮಾಡುತ್ತದೆ. ಹಂಗಾಮಿಗೆಂದು ಎತ್ತುಗಳನ್ನು ಟೆಂಪೋದಲ್ಲಿ ತರಿಸುವವರು ಇದನ್ನು ಗಮನವಿಟ್ಟು ಓದಬೇಕೆಂದು ವಿನಂತಿ.

ಇದನ್ನು ಲೆಕ್ಕ ಹಾಕಿ ನೋಡಿದ್ದು ಅಮೇರಿಕೆಯ ಹಂದಿ ಸಾಕಣೆಯಲ್ಲಿ. 2013ರಲ್ಲಿ ಆ ದೇಶದಲ್ಲಿ ಹಂದಿಗಳಿಗೆ ವೈರಾಣುವಿನ ಭೇದಿ ರೋಗವೊಂದು ಹೊಸದಾಗಿ ಕಾಣಿಸಿತು. ಮನುಷ್ಯರಿಗೆ ಅದು ತಗಲುವುದಿಲ್ಲ. ದೊಡ್ಡ ಹಂದಿಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ; ಆದರೆ ಹುಟ್ಟಿ ವಾರವಾಗದ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ತಜ್ಞರು ಹಂದಿಗಳನ್ನು ಕಸಾಯಿಖಾನೆಗೆ ತಂದ ವಾಹನಗಳನ್ನು ಇಳಿಸುವ ಮೊದಲೊಮ್ಮೆ, ಇಳಿಸಿದ ಮೇಲೊಮ್ಮೆ ಪರೀಕ್ಷಿಸಿದರು. ಬರುವಾಗ ಶುದ್ಧವಿದ್ದ ವಾಹನಗಳಲ್ಲಿ ನೂರಕ್ಕೆ 5.2, ಅಂದರೆ ಸುಮಾರು ಇಪ್ಪತ್ತಕ್ಕೊಂದು, ಹೊರಡುವಾಗ ವೈರಾಣುವನ್ನು ಅಂಟಿಸಿಕೊಂಡಿದ್ದವು. ಇಳಿಸುವ ಕಟ್ಟೆ ಎಲ್ಲರಿಗೂ ಒಂದೇ; ಅಲ್ಲಿ ತುಳಿದ ಹೇಲು ಬೂಟಿಗೆ ಅಂಟಿ ಗಾಡಿಯೊಳಗೆ ಬರುತ್ತದೆ. ಹಂದಿಗಳೆಲ್ಲ ಅಲ್ಲೇ ಉಳಿದವು, ಖಾಲಿ ಗಾಡಿ ಮಾತ್ರ ಮುಂದಿನ ಕೊಟ್ಟಿಗೆಗೆ ಹೋಯಿತು.

ನಮ್ಮ ಭಯ ಕಾಲುಬಾಯಿ ಬೇನೆಯದು. ಸೀಳು ಗೊರಸಿನ ಎತ್ತು, ಎಮ್ಮೆ, ಕುರಿ, ಆಡು, ಹಂದಿ ಎಲ್ಲಕ್ಕೂ ಇದು ಬರುತ್ತದೆ. ಬಾಯಲ್ಲಿ ಗುಳ್ಳೆ ಏಳುವ ಮೊದಲೇ ಪ್ರಾಣಿ ವೈರಾಣುವನ್ನು ಹೊರಹಾಕುತ್ತಿರುತ್ತದೆ, ಆದ್ದರಿಂದ ಸಂತೆಯಲ್ಲಿ ನೋಡಿ ಕೊಂಡೆನೆಂಬ ಮಾತಿಗೆ ಬೆಲೆಯಿಲ್ಲ. 2001ರಲ್ಲಿ ಇಂಗ್ಲೆಂಡಿನಲ್ಲಿ ಬೇನೆ ಪತ್ತೆಯಾಗುವಷ್ಟರಲ್ಲಿ ಸಂತೆಯ ಕುರಿಗಳೊಡನೆ ಅದು ಊರೂರು ಸೇರಿತ್ತು. ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ ಎತ್ತು ಸಾಯದೆ ಉಳಿದರೂ ಗೊರಸು ಹುಣ್ಣಾದ ಜೋಡಿ ವಾರಗಟ್ಟಲೆ ನೊಗ ಹೊರದು. ಕಡಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ.

ನಾನು ಕಬ್ಬಿನವನು, ದನದ ಡಾಕ್ಟರನಲ್ಲ. ಆದರೂ ಟೆಂಪೋದವನನ್ನು ಬಾಡಿಗೆ ಎಷ್ಟೆಂದು ಕೇಳುವ ಮೊದಲು ನಿನ್ನೆ ಏನು ಹೇರಿದ್ದೆ ಎಂದು ಕೇಳಿರಿ ಎನ್ನುತ್ತೇನೆ. ಕಸಬರಿಗೆಯಿಂದ ಗುಡಿಸಿದ್ದು ಸಾಲದು. ಹುಲ್ಲು, ಸೆಗಣಿಯನ್ನು ಪೂರ್ತಿ ಕೆರೆದು ತೆಗೆಯಬೇಕು. ಸೆಗಣಿಯ ಮೇಲೆ ಸುರಿದ ಔಷಧ ಹಾಳು. ಆಮೇಲೆ ಸಾಬೂನು ನೀರಿನಿಂದ ತಿಕ್ಕಿ ತೊಳೆದು, 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಪುಡಿ ಕರಗಿಸಿ ಹಲಗೆ, ಹಿಂಬಾಗಿಲು, ಗಾಲಿಗಳಿಗೆಲ್ಲ ಹೊಡೆಯಬೇಕು. ಹರಳು ಸೋಡಾ ಆದರೆ 1 ಕಿಲೋ ಬೇಕು, ಅದರಲ್ಲಿ ನೀರಿನಂಶ ಹೆಚ್ಚು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ನೀರು ಹಾಕಿ ಬಿಸಿಲಿಗೆ ನಿಲ್ಲಿಸಿ. ಚಾಲಕನ ಚಪ್ಪಲಿ, ದಾವಣಿ ಹಗ್ಗಗಳನ್ನು ಮರೆಯುವವರೇ ಹೆಚ್ಚು.

ಹೊಸ ಎತ್ತುಗಳನ್ನು ಎರಡು ವಾರ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕುಡಿಸಿರಿ. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಬೇಕು. ಹಾಕಿಸಿದ ಮರುದಿನವೇ ಅದು ಕಾಯುವುದಿಲ್ಲ, ಆದ್ದರಿಂದ ಗಾಡಿ ಕಟ್ಟುವ ಮೂರು ವಾರ ಮೊದಲೇ ಹಾಕಿಸಿರಿ.